ಲೆಕ್ಕಕ್ಕೆ ಮಾತ್ರ ಬಂದವರು

ವೀರರ ಕಥೆಯೆಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಶ್ರೀರಂಗಪಟ್ಟಣದ ಕೋಟೆಯ ಮಗ್ಗುಲಲ್ಲಿ ಬೆಳೆದವಳು ನಾನು. ಕತ್ತಿ, ಕುದುರೆ, ಹೂತಿಟ್ಟ ನಿಧಿಗಳ ಮಾತು ನಮ್ಮ ಮನೆಯಲ್ಲಿ ಊಟದ ಜೊತೆಗಿನ ಉಪ್ಪಿನಕಾಯಿಯಂತೆ ಇದ್ದೇ ಇರುತ್ತಿತ್ತು. ಬಿ.ಎ. ಓದುವಾಗ ಹಳೆಯ ಇಂಗ್ಲಿಷಿನ ‘ಬಿಯೋವುಲ್ಫ್’ ಕಾವ್ಯದ ಅನುವಾದ ಕೈಗೆ ಸಿಕ್ಕಿತು. ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಅಲ್ಲಿ ಚಿನ್ನದ ಬಳೆ ಹಂಚುವವನೇ ದೊರೆ. ಅದನ್ನು ತೊಟ್ಟವನು ದೊರೆಗಾಗಿ ಪ್ರಾಣ ಕೊಡಬೇಕು. ಇದು ನಮಗೆ ಹೊಸತೇ? ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸುವುದಕ್ಕೆ ನಮ್ಮ ಹಿರಿಯರು ಜೋಳವಾಳಿ ಎಂದಿದ್ದರು. ಅವರದು ಚಿನ್ನ, ನಮ್ಮದು ಜೋಳ, ಅಷ್ಟೇ ವ್ಯತ್ಯಾಸ!

ನಮ್ಮ ಜಿಲ್ಲೆಯದೇ ಆದ ಆತಕೂರಿನ ಶಾಸನ ನೋಡಿ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನಿಗೆ ಒಡೆಯನು ಮೆಚ್ಚಿ ‘ಬೇಕಾದ್ದು ಕೇಳು’ ಅಂದಾಗ ಅವನು ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದ. ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ಇದನ್ನು ನೆನಪಿನಲ್ಲಿಡಿ.

ಪಾಂಡವಪುರದ ಶಾಲೆಯೊಂದರಲ್ಲಿದ್ದಾಗ ಮಕ್ಕಳನ್ನು ಕೆ.ಆರ್.ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಕರೆದೊಯ್ದಿದ್ದೆ. ಅಲ್ಲಿ ಹೊಯ್ಸಳರ ಕಾಲದ ಗರುಡಗಂಬಗಳಿವೆ. ಗರುಡರೆಂದರೆ ದೊರೆ ಸತ್ತ ದಿನವೇ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟವರು. ಹದಿಮೂರನೆಯ ಶತಮಾನದಲ್ಲಿ ಒಂದೇ ಮನೆತನದ ನಾಯಕರು ತಲೆಮಾರಿನಿಂದ ತಲೆಮಾರಿಗೆ ಹೀಗೆ ಸತ್ತರು. ಅವರೊಡನೆ ಹೆಂಡಿರು, ಲೆಂಕರು, ಮನೆಯ ತೊತ್ತಿರು ಕೂಡ. ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಒಬ್ಬ ಹುಡುಗಿ, “ಮಿಸ್, ಮನೆಗೆಲಸದೋರೂ ಸಾಯ್ಬೇಕಿತ್ತಾ?” ಎಂದು ಕೇಳಿದಳು.

ನನ್ನ ಬಳಿ ಉತ್ತರವಿರಲಿಲ್ಲ. ಶಾಸನದಲ್ಲಿ ಹೆಂಡಿರಿಗೆ ಹೆಸರಿದೆ, ತೊತ್ತಿರಿಗೆ ಇಷ್ಟು ಮಂದಿ ಎಂಬ ಲೆಕ್ಕ ಮಾತ್ರ. ನಾಗಮಂಗಲದ ಕಡೆಯವರಾದ ನಮ್ಮತ್ತೆ ಊರ ಮಾಸ್ತಿಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಮಾಸ್ತಮ್ಮ ಎಂದು ಕೈಮುಗಿಯುತ್ತಿದ್ದರು. ಹಾಗೆ ಕೈಮುಗಿಸಿಕೊಳ್ಳುವುದಕ್ಕೂ ಒಂದು ಕಲ್ಲು ಬೇಕಲ್ಲ!

ಆಮೇಲೆ ನಾನು ಮೆಚ್ಚಿದ ಕಾವ್ಯಗಳನ್ನೆಲ್ಲ ಮತ್ತೆ ತೆಗೆದೆ. 991ರಲ್ಲಿ ಇಂಗ್ಲೆಂಡಿನ ಮಾಲ್ಡನ್ ಎಂಬಲ್ಲಿ ನಡೆದ ಯುದ್ಧದ ಮೇಲೊಂದು ಕಾವ್ಯವಿದೆ. ಒಡೆಯ ಬಿದ್ದ ಮೇಲೂ ಬಂಟರು ಅವನ ಹೆಣದ ಬಳಿಯೇ ಕಾದಿ ಸಾಯುತ್ತಾರೆ. ಆದರೆ ಅದೇ ಕಾವ್ಯದಲ್ಲಿ ಗಾಡ್ರಿಕ್ ಎಂಬವನು ಒಡೆಯನ ಕುದುರೆಯನ್ನೇ ಏರಿ ಓಡಿಹೋಗುತ್ತಾನೆ. ಕವಿ ಅವನನ್ನು ಹಳಿಯುತ್ತಾನೆ, ಸರಿಯೆ. ಆದರೂ ಓಡಬಹುದಿತ್ತು ಎಂಬುದು ಓದುವವರಿಗೆ ತಿಳಿಯುತ್ತದೆ. ನಮ್ಮ ಕಂಬಗಳ ಮೇಲೆ ಓಡಿಹೋದವರಿಲ್ಲ. ಓಡಿದವನಿಗೆ ಯಾರು ಕಲ್ಲು ನೆಡುತ್ತಾರೆ?

‘ಬಿಯೋವುಲ್ಫ್’ ಕಾವ್ಯದ ಹಿಲ್ಡೆಬರ್ಗಳ ಕಥೆಯನ್ನು ಮೊದಲ ಸಲ ನಾನು ಹಾರಿಸಿ ಓದಿದ್ದೆ. ಗಂಡನ ಕಡೆಯವರಿಗೂ ತವರಿನವರಿಗೂ ಕಾಳಗವಾಗಿ ಅವಳ ಅಣ್ಣನೂ ಮಗನೂ ಎದುರುಬದುರು ಪಕ್ಷದಲ್ಲಿ ಸಾಯುತ್ತಾರೆ. ಇಬ್ಬರನ್ನೂ ಒಂದೇ ಚಿತೆಯಲ್ಲಿ ಮಲಗಿಸುತ್ತಾಳೆ. ಕೊನೆಗೆ ಗಂಡನನ್ನೂ ಕೊಂದು, ಸೂರೆಯ ಒಡವೆಗಳ ಜೊತೆಗೆ ಅವಳನ್ನೂ ಹಡಗಿನಲ್ಲಿ ತವರಿಗೆ ಒಯ್ಯುತ್ತಾರೆ. ಒಡವೆಗಳ ಜೊತೆಗೆ! ಅವಳಾಗಿ ಆಡಿದ ಒಂದು ಮಾತನ್ನೂ ಕವಿ ನಮಗೆ ಕೇಳಿಸುವುದಿಲ್ಲ. ರನ್ನ ಈ ವಿಷಯದಲ್ಲಿ ದೊಡ್ಡವನು. ‘ಗದಾಯುದ್ಧ’ದ ಮೊದಲಿಗೇ ದ್ರೌಪದಿ ಭೀಮನನ್ನು ಕೆಣಕಿ ಮಾತಾಡುತ್ತಾಳೆ. ಗಾಂಧಾರಿಯಂತೂ ರಣರಂಗಕ್ಕೇ ಬಂದು ಮಗನಿಗೆ ಸಂಧಿ ಮಾಡಿಕೊಳ್ಳೆಂದು ಬೇಡುತ್ತಾಳೆ. ಒಬ್ಬಳು ಕಾದು ಎನ್ನುತ್ತಾಳೆ, ಇನ್ನೊಬ್ಬಳು ಬೇಡ ಎನ್ನುತ್ತಾಳೆ. ಅವರ ಮಾತು ನಡೆಯಿತೋ ಬಿಟ್ಟಿತೋ, ಬಾಯಂತೂ ಇದೆ.

ರನ್ನನಿಗೆ ಈ ಕಿವಿ ಹೇಗೆ ಬಂತು? ಅತ್ತಿಮಬ್ಬೆಯಿಂದ ಇದ್ದೀತು ಎಂಬುದು ನನ್ನ ಊಹೆ. ಮಾಲ್ಡನ್ ಕಾಳಗವಾಗಿ ಎರಡು ವರ್ಷಕ್ಕೆ, 993ರಲ್ಲಿ, ಅವನು ಅವಳ ಇಚ್ಛೆಯಂತೆ ‘ಅಜಿತಪುರಾಣ’ ಬರೆದು ಮುಗಿಸಿದ. ಅದರಲ್ಲೇ ಅವಳ ಕಥೆಯೂ ಬರುತ್ತದೆ. ಅಕ್ಕ ತಂಗಿ ಇಬ್ಬರಿಗೂ ನಾಗದೇವನೇ ಗಂಡ. ಅವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗನನ್ನು ಬೆಳೆಸಿದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಬಳೆ ಹಂಚಿದ ಯಾವ ದೊರೆಯ ಚಿನ್ನ ಇಷ್ಟು ಕೆಲಸಕ್ಕೆ ಬಂದಿದೆ, ಹೇಳಿ.

ಆ ವರ್ಷ ‘ಗದಾಯುದ್ಧ’ದ ಪಾಠಕ್ಕೆ ಮುಂಚೆ ಮಕ್ಕಳಿಗೆ ಅತ್ತಿಮಬ್ಬೆಯ ಕಥೆ ಹೇಳಿದೆ. ಬಾಚಹಳ್ಳಿಯಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಮತ್ತೆ ಕೈಯೆತ್ತಿದಳು.

“ಗುಂಡಮಬ್ಬೆಗೆ ಮಕ್ಕಳಿದ್ದಿದ್ರೆ ಅವಳೂ ಬದುಕ್ತಿದ್ಲಾ ಮಿಸ್?”