ಹಿಂಗಾರಿ ಮತ್ತು ಅಡ್ಮಿರಲ್ ಹ್ಯೂಸ್

ರಾಮದುರ್ಗ, ಕಿತ್ತೂರು ಕಡೆಯವರಿಗೆ ಹೈದರ್, ಟಿಪ್ಪು ಅಂದರೆ ಕುದುರೆ, ತೋಪು, ಮುತ್ತಿಗೆ. 1785ರಲ್ಲಿ ನರಗುಂದದ ಜೊತೆಗೆ ಈ ಎರಡೂ ಊರು ಟಿಪ್ಪುವಿನ ಸೇನೆಯ ಕೈಸೇರಿದ್ದು ಹಾಗೆಯೇ. ಆದರೆ ಕಡಲ ಕಾಳಗದ ಚರಿತ್ರೆ ಓದುವ ಹುಚ್ಚು ಹತ್ತಿದವರು ಹೈದರನ ಹಡಗುಗಳನ್ನೂ ಹುಡುಕಿ ಹೋಗುತ್ತಾರೆ. ಹೋದಲ್ಲಿ ಎದುರಾಗುವವನು ಸರ್ ಎಡ್ವರ್ಡ್ ಹ್ಯೂಸ್.

1735ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ ಈತ ಪೋರ್ಟೊ ಬೆಲ್ಲೊ, ಲೂಯಿಬರ್ಗ್, ಕ್ವಿಬೆಕ್ ದಾಳಿಗಳನ್ನು ಕಂಡವನು. ಎರಡು ಸಲ ನಮ್ಮ ಕಡಲಿನ ಮುಖ್ಯ ದಂಡನಾಯಕನಾದ. ಆ ಹುದ್ದೆಯನ್ನು ಆಳಿದ್ದು ಲಂಡನ್ನಿನ ಆಜ್ಞೆಗಿಂತ ಹೆಚ್ಚಾಗಿ ಹಿಂಗಾರಿ ಗಾಳಿ ಎಂದು ನನ್ನ ನಂಬಿಕೆ.

ಸವದತ್ತಿಯ ಎರೆಹೊಲದ ರೈತ ಬಿಳಿಜೋಳಕ್ಕೆ, ಕಡಲೆಗೆ ಹಿಂಗಾರಿಯ ದಾರಿ ಕಾಯುತ್ತಾನೆ. ಮದರಾಸಿನ ನಾವಿಕನಿಗೆ ಅದೇ ಹಿಂಗಾರಿ ಯಮನಂತೆ. ಆಗ ಅಲ್ಲಿ ಬಂದರಿರಲಿಲ್ಲ, ಬಯಲು ಕಡಲಿನಲ್ಲೇ ಲಂಗರು. ಹಾಗಾಗಿ ಮಳೆಗಾಲ ತಿರುಗಿದೊಡನೆ ದುರಸ್ತಿಗೆಂದು ಹಡಗುಪಡೆ ಸಿಂಹಳ ಸುತ್ತಿ ಮುಂಬಯಿಯ ಡ್ರೈ ಡಾಕಿಗೆ ಹೋಗಬೇಕಿತ್ತು. ಡಿಸೆಂಬರಿನಲ್ಲಿ ಪಡುವಣ ಕಡಲು ಶಾಂತವಾಗಿರುತ್ತದೆ. ಅಂಥ ಹಾದಿಯಲ್ಲೇ, 1780ರ ಡಿಸೆಂಬರ್ 8ರಂದು ಮಂಗಳೂರಿನಲ್ಲಿ ಹೈದರನ ಹಡಗುಗಳು ಹ್ಯೂಸ್‌ನ ಕೈಗೆ ಸಿಕ್ಕವು. ಎಳೆಯ ನೌಕಾಪಡೆಯೊಂದು ಬಂದರಿನಲ್ಲೇ ನಾಶವಾಯಿತು. ಮುಂದೆ ಕಡಲಿನ ಬಲಕ್ಕೆ ಹೈದರ್ ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ನನ್ನೇ ನಂಬಬೇಕಾಯಿತು.

ಸುಫ್ರೆನ್ ಮತ್ತು ಹ್ಯೂಸ್ 1782-83ರಲ್ಲಿ ಐದು ಸಲ ಕಾದಾಡಿದರು. ಆ ಐದರಲ್ಲೂ ಯಾರೊಬ್ಬರೂ ಎದುರಾಳಿಯ ಒಂದೇ ಒಂದು ಯುದ್ಧನೌಕೆಯನ್ನು ಸೆರೆಹಿಡಿಯಲಿಲ್ಲ. ಸುಫ್ರೆನ್‌ನ ಚುರುಕನ್ನು ಎಲ್ಲರೂ ಕೊಂಡಾಡುತ್ತಾರೆ, ನಾನೂ. ಹ್ಯೂಸ್ ನಿಧಾನಿ, ನಿಜ. ಸಿಂಹಳದ ತ್ರಿಕೋಣಮಲೆ ಬಂದರನ್ನು ಫ್ರೆಂಚರಿಗೆ ಕಳೆದುಕೊಂಡದ್ದು ಅವನ ವೃತ್ತಿಯ ದೊಡ್ಡ ಹಿನ್ನಡೆ. ಆದರೂ ಪಡೆಯನ್ನು ಉಳಿಸಿಕೊಳ್ಳುವ ವಿವೇಕದಲ್ಲಿ ಅವನಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

1782ರ ಶರತ್ಕಾಲವನ್ನೇ ನೋಡಿ. ತ್ರಿಕೋಣಮಲೆ ಹೋಗಿದೆ, ಹಡಗುಗಳು ಗುಂಡೇಟಿನಿಂದ ಸೋರುತ್ತಿವೆ. ಮದರಾಸಿನ ಗವರ್ನರ್ ಮೆಕಾರ್ಟ್ನಿ, ಇಲ್ಲೇ ಇರಿ ಎಂದು ಪಟ್ಟು ಹಿಡಿದ. ಹ್ಯೂಸ್ ಮಣಿಯಲಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಬಿರುಗಾಳಿ ಎದ್ದಾಗ ಅವನ ಪಡೆ ನಡುಗಡಲಿಗೆ ಹೊರಟಿತು. ದಡದಲ್ಲಿ ಉಳಿದ ಅಕ್ಕಿಯ ಹಡಗುಗಳು ಒಡೆದು ಚೂರಾದವು. ಮೊದಲೇ ಹಸಿದಿದ್ದ ಮದರಾಸಿನಲ್ಲಿ ಬರ ಇನ್ನಷ್ಟು ಘೋರವಾಯಿತು. ಹ್ಯೂಸ್‌ನ ನೌಕೆಗಳು ಜರ್ಜರಿತವಾಗಿಯೇ ಡಿಸೆಂಬರಿನಲ್ಲಿ ಮುಂಬಯಿ ಮುಟ್ಟಿದವು. ದುರಸ್ತಿಯಾಗಿ ಮರುವರ್ಷ ಮತ್ತೆ ಸುಫ್ರೆನ್‌ನ ಎದುರು ನಿಂತವು.