ಪರದೆಯ ಕೊಡಗು, ಪೊಟ್ಟಣದ ಕೊಡಗು

ಮೈಸೂರು ಕಡೆಯಿಂದ ಬರುವವರು ಕೊಪ್ಪ ದಾಟಿ ಕಾವೇರಿ ಸೇತುವೆ ಹಾಯ್ದರೆ ಕುಶಾಲನಗರ, ಕೊಡಗಿನ ಹೆಬ್ಬಾಗಿಲು. ಹೆದ್ದಾರಿಯ ಇಕ್ಕೆಲದ ಅಂಗಡಿಗಳ ಬೋರ್ಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ: ಹೋಂ ಮೇಡ್ ಚಾಕೊಲೇಟ್, ಕೂರ್ಗ್ ಹನಿ, ಕಾಫಿ ಪುಡಿ, ಸ್ಪೈಸಸ್, ಡ್ರೈ ಫ್ರೂಟ್ಸ್. ವಾರಾಂತ್ಯದಲ್ಲಿ ಕಾರಿನಿಂದ ಇಳಿದವರು ಇಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸುವುದು ಕಡಿಮೆ. ಏನು ಕೊಳ್ಳಬೇಕೆಂಬುದು ಮನೆ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನದ ಹಿಂದೆ ಸಿನಿಮಾ ಇದೆ, ಟಿವಿ ಇದೆ, ಈಗ ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲಿನ ರೀಲ್ಸ್ ಇದೆ. ಮಾಧ್ಯಮ ಮೊದಲು ಊರಿನ ಒಂದು ಚಿತ್ರವನ್ನು ನಮ್ಮ ಮನಸ್ಸಿಗೆ ಇಳಿಸುತ್ತದೆ, ಸರಕು ಆಮೇಲೆ ಬರುತ್ತದೆ. ಆ ಚಿತ್ರಕ್ಕೆ ಹೊಂದುವುದು ಅಂಗಡಿಯ ಮುಂದಿನ ಸಾಲಿಗೆ ಬರುತ್ತದೆ. ಹೊಂದದ್ದು ಈ ಮಣ್ಣಿನದೇ ಬೆಳೆಯಾದರೂ ಮೂಲೆ ಸೇರುತ್ತದೆ. ಈ ವ್ಯಾಪಾರದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ.

ಚಿತ್ರ ಕಟ್ಟಿದವರ ಕಸುಬನ್ನು ಮೊದಲು ಒಪ್ಪಿಕೊಳ್ಳಬೇಕು. 2006ರ ಕೊನೆಯಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯ ಕಥೆ ನಡೆಯುವುದು ಮಡಿಕೇರಿಯಲ್ಲಿ. ಜೋಗ, ಸಕಲೇಶಪುರದ ದೃಶ್ಯಗಳೂ ಅದರಲ್ಲಿವೆ, ಆದರೆ ನೋಡುಗರ ಮನಸ್ಸಿನಲ್ಲಿ ನಿಂತದ್ದು ಮಡಿಕೇರಿಯ ಮಳೆ. 2008ರ ‘ಗಾಳಿಪಟ’ದ ನಂತರವಂತೂ ಮಾಂದಲ್‌ಪಟ್ಟಿಗೆ ಸಿನಿಮಾದ ‘ಮುಗಿಲುಪೇಟೆ’ ಹೆಸರೇ ಅಂಟಿಕೊಂಡಿತು. ಕೊಡಗಿನ ಮನೆಗಳಿಗೆ ಮಳೆಗಾಲವೆಂದರೆ ಸೌದೆ ಒಣಗಿಸಿಟ್ಟುಕೊಳ್ಳುವ, ಕರೆಂಟಿಲ್ಲದ ದಿನಗಳಿಗೆ ಅಣಿಯಾಗುವ, ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸ ಉಣ್ಣುವ ಕಾಲ. ಹೊರಗಿನವರು ಆ ದಿನಗಳಲ್ಲಿ ಇತ್ತ ಬರುತ್ತಿದ್ದುದು ಕಡಿಮೆ. ಅಂಥ ಮಳೆಯನ್ನು ಬೆಂಗಳೂರಿನ ಯುವಕರು ಆಸೆಪಟ್ಟು ಹುಡುಕಿಕೊಂಡು ಬರುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಎಷ್ಟೋ ಮನೆಗಳು ಹೋಂಸ್ಟೇ ಆದವು, ಜೀಪಿನವರಿಗೂ ಹೋಟೆಲಿನವರಿಗೂ ದುಡಿಮೆ ಸಿಕ್ಕಿತು.

ಆದರೆ ಪರದೆ ಕೊಟ್ಟದ್ದನ್ನು ಪರದೆಯೇ ಕಿತ್ತುಕೊಳ್ಳಬಲ್ಲದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಸುದ್ದಿವಾಹಿನಿಗಳು ಅದೇ ಕೆಲವು ದೃಶ್ಯಗಳನ್ನು ದಿನಗಟ್ಟಲೆ ತಿರುಗಿಸಿ ತೋರಿಸಿದವು. ಆ ದೃಶ್ಯಗಳಿಂದಾಗಿಯೇ ರಾಜ್ಯದ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ, ಔಷಧಿ ಹರಿದುಬಂದವು ಎಂಬುದನ್ನು ಮರೆಯಬಾರದು. ಪ್ರವಾಸಿಗರನ್ನು ಕೆಲಕಾಲ ತಡೆದ ಜಿಲ್ಲಾಡಳಿತದ ಕ್ರಮಕ್ಕೂ ಕಾರಣವಿತ್ತು. ಆದರೆ ನಿರ್ಬಂಧ ತೆಗೆದ ಮೇಲೂ ಇಡೀ ಜಿಲ್ಲೆಯೇ ಕೊಚ್ಚಿಹೋಗಿದೆ ಎಂಬ ಭಾವನೆ ಜನರಲ್ಲಿ ಉಳಿಯಿತು. ಕುಸಿತ ಕಾಣದ ಊರುಗಳ ವ್ಯಾಪಾರವೂ ಮಲಗಿತು. ಒಂದು ಊರಿನ ಬದುಕು ಅದರ ಚಿತ್ರವನ್ನೇ ನೆಚ್ಚಿಕೊಂಡರೆ ಎಷ್ಟು ಅಸ್ಥಿರವಾಗುತ್ತದೆ ಎಂದು ಆ ವರ್ಷ ತೋರಿಸಿಕೊಟ್ಟಿತು.

ಈಗ ಅಂಗಡಿಯೊಳಗೆ ಬನ್ನಿ, ಒಂದು ಚಾಕೊಲೇಟ್ ಪೊಟ್ಟಣ ಕೈಗೆತ್ತಿಕೊಳ್ಳಿ. ಮುಂಬದಿಯಲ್ಲಿ ಮಂಜು ಕವಿದ ಬೆಟ್ಟ, ಕಾಫಿ ಹಣ್ಣಿನ ಗೊಂಚಲು. ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಅಗ್ಗದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಮೊದಲು ಸಕ್ಕರೆ, ಆಮೇಲೆ ಕೋಕೋ ಬೆಣ್ಣೆಯ ಬದಲಿಗೆ ಹಾಕುವ ಸಸ್ಯಜನ್ಯ ಕೊಬ್ಬು, ಅದಾದ ಮೇಲೆ ಕೋಕೋ ಪುಡಿ. ಚಾಕೊಲೇಟ್ ಗಟ್ಟಿಗಳನ್ನು ತಂದು ಕರಗಿಸಿ, ಗೋಡಂಬಿ ಸೇರಿಸಿ, ಅಚ್ಚಿಗೆ ಹೊಯ್ದರೆ ಮಾಲು ಸಿದ್ಧ. ಚೀಟಿಯೇ ಇಲ್ಲದೆ ಬಿಡಿಯಾಗಿ ತೂಗಿ ಕೊಡುವಲ್ಲಿ ಈ ಮಾಹಿತಿಯೂ ಸಿಗದು. ಕೋಕೋ ಕೊಡಗಿನ ಮುಖ್ಯ ಬೆಳೆಯೂ ಅಲ್ಲ. ಸಂಪಾಜೆ ಘಾಟಿ ಇಳಿದು ಹೋದರೆ ಸಿಗುವ ಪುತ್ತೂರಿನಲ್ಲಿ ಕ್ಯಾಂಪ್ಕೋ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಅಡಿಕೆ ತೋಟದ ನಡುವೆ ಕೋಕೋ ಬೆಳೆದ ರೈತರದೇ ಸಹಕಾರಿ ಅದು. ಮಣ್ಣಿಗೂ ಚಾಕೊಲೇಟಿಗೂ ನಿಜವಾದ ನಂಟಿರುವುದು ಅಲ್ಲಿ. ಆದರೂ ಚಾಕೊಲೇಟಿಗೆಂದು ಪುತ್ತೂರಿಗೆ ಹೋಗುವ ಪ್ರವಾಸಿಗರು ವಿರಳ, ಏಕೆಂದರೆ ಆ ನಂಟಿನ ಚಿತ್ರವನ್ನು ಯಾರೂ ಅವರಿಗೆ ತೋರಿಸಿಲ್ಲ.

ಜೇನಿನ ವಿಷಯ ಇನ್ನೂ ನೋವಿನದು, ಏಕೆಂದರೆ ಕೊಡಗಿನ ಜೇನಿಗೆ ಇದ್ದ ಹೆಸರು ಜಾಹೀರಾತಿನಿಂದ ಬಂದದ್ದಲ್ಲ. 1930ರ ದಶಕದಲ್ಲೇ ವಿರಾಜಪೇಟೆಯಲ್ಲಿ ಜೇನು ಉತ್ಪಾದಕರ ಸಹಕಾರ ಸಂಘ ಹುಟ್ಟಿತ್ತು. ತೋಟದ ಮನೆಯ ಅಂಗಳದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇರುವುದು ವಾಡಿಕೆಯಾಗಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಮಟ್ಟಿಗೆ ನಾಶ ಮಾಡಿತು. ಜೇನು ಕೃಷಿ ಚೇತರಿಸಿಕೊಂಡದ್ದು ನಿಧಾನವಾಗಿ. ಜೇನು ಕೈಗೆ ಬರುವುದೂ ಹೂವಿನ ಕಾಲ ನೋಡಿಕೊಂಡೇ. ಹೀಗಿರುವಾಗ ವರ್ಷವಿಡೀ ಒಂದೇ ಬಣ್ಣ, ಒಂದೇ ರುಚಿಯ ‘ಕೂರ್ಗ್ ಹನಿ’ ಸಾಲುಸಾಲು ಬಾಟಲಿಗಳಲ್ಲಿ ಕಂಡರೆ ಗ್ರಾಹಕರು ಮೂಲ ಕೇಳಲೇಬೇಕು. ಹಾಗೆ ಕೇಳದಿದ್ದರೆ ಪೆಟ್ಟಿಗೆ ಇಟ್ಟು ದುಡಿಯುವ ಬೆಳೆಗಾರ ತನ್ನ ಊರಿನ ಹೆಸರಿನ ಎದುರೇ ಪೈಪೋಟಿ ನಡೆಸಬೇಕಾಗುತ್ತದೆ.

ಕಾಫಿಯ ಮಾತೂ ಹಾಗೆಯೇ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗಿನದು. ಇಲ್ಲಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ರವರೆಗೂ ಇರಬಹುದು. ಆ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು, ಓದುವ ಕೆಲಸ ಮಾತ್ರ ನಮ್ಮದು. ಇತ್ತ ಮಳೆಗಾಲದಲ್ಲಿ ಹಣ್ಣಿನ ರಸ ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ತೆಗೆಯುವ ಕಾಚಂಪುಳಿ ಅಂಗಡಿಯ ಹಿಂದಿನ ಸಾಲಿನಲ್ಲಿ ಕೂತಿರುತ್ತದೆ. ಪಂದಿ ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವುದು ಅದೇ. ಕ್ಯಾಮೆರಾಕ್ಕೆ ಅದರ ಕಪ್ಪು ಚೆಂದ ಕಾಣುವುದಿಲ್ಲ, ಹಾಗಾಗಿ ಕೊಳ್ಳುವವರ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ.

ಈ ಪಟ್ಟಿಯನ್ನು ಇಂದು ಬರೆಯುತ್ತಿರುವುದು ರೀಲ್ಸ್. ಸಿನಿಮಾದಂತೆ ಅದನ್ನೂ ಒಂದು ಕೃತಿಯೆಂದೇ ನೋಡಿದರೆ ಅದರ ಬಂಧ ಗೊತ್ತಾಗುತ್ತದೆ: ಮಂಜು, ದುಬಾರೆಯ ಆನೆ, ನಿಸರ್ಗಧಾಮದ ತೂಗುಸೇತುವೆ, ಸ್ವರ್ಣ ದೇಗುಲದ ಮೂರ್ತಿಗಳು, ಕೊನೆಗೆ ಅಂಗಡಿ. ಸ್ವರ್ಣ ದೇಗುಲವಿರುವ ಬೈಲುಕುಪ್ಪೆ ಮೈಸೂರು ಜಿಲ್ಲೆಯದು. ಅಲ್ಲಿನ ನಾಮ್‌ಡ್ರೋಲಿಂಗ್ ಮಠ 1963ರಲ್ಲಿ, ನೆಲೆ ಕಳೆದುಕೊಂಡು ಬಂದ ಟಿಬೆಟನ್ನರ ನಡುವೆ ಹುಟ್ಟಿದ್ದು. ಅರ್ಧ ನಿಮಿಷದ ವಿಡಿಯೊದಲ್ಲಿ ಆ ಚರಿತ್ರೆಗೆ ಎಡೆಯಿಲ್ಲ. ಸಿನಿಮಾ ನೋಡುವಾಗ ಇದು ಕಥೆ ಎಂಬ ಅರಿವು ನಮಗಿರುತ್ತದೆ. ರೀಲ್ಸ್ ಸ್ನೇಹಿತರ ಸಲಹೆಯ ಧಾಟಿಯಲ್ಲಿ ಮಾತಾಡುತ್ತದೆ, ಆದ್ದರಿಂದಲೇ ಅದರ ಹಿಡಿತ ಬಲ. ಹಣ ಪಡೆದು ಮಾಡಿದ ಪ್ರಚಾರವನ್ನು ಜಾಹೀರಾತೆಂದು ಸ್ಪಷ್ಟವಾಗಿ ಗುರುತಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ, ಅದನ್ನು ಅನುಮೋದಿಸಿದವರಿಗೂ ಸೇರಿ, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಊಟ, ವಾಸ್ತವ್ಯ ಪುಕ್ಕಟೆ ಪಡೆದು ಹೊಗಳುವುದೂ ಪ್ರಚಾರವೇ.

ಹೊರಗಿನವರನ್ನಷ್ಟೇ ದೂರಿ ಕೂರುವಂತಿಲ್ಲ, ಊರಿನವರ ಮನಸ್ಸಿನ ಮೇಲೂ ಇದೇ ಕೈ ಕೆಲಸ ಮಾಡಿದೆ. ವೈಶಾಖ ಶುದ್ಧ ತದಿಗೆ ಕನ್ನಡ ನಾಡಿಗೆ ಬಸವ ಜಯಂತಿ, ಕಾಯಕ–ದಾಸೋಹಗಳನ್ನು ನೆನೆಯುವ ದಿನ. ಅದೇ ದಿನ ಚಿನ್ನ ಕೊಳ್ಳಲೇಬೇಕೆಂಬ ಹಂಬಲ ನಮ್ಮ ಹೆಚ್ಚಿನ ಮನೆಗಳಿಗೆ ಬಂದದ್ದು ಈಚಿನ ದಶಕಗಳಲ್ಲಿ, ಪತ್ರಿಕೆಗಳ ಮುಖಪುಟ ತುಂಬಿದ ಆಭರಣ ಜಾಹೀರಾತು, ಟಿವಿ ಜ್ಯೋತಿಷಿಗಳ ಮುಹೂರ್ತದ ಮೂಲಕ. ಕೊಡಗಿನ ಮನೆಗಳು ಪತ್ತಾಕ್, ಜೋಮಾಲೆಯಂಥ ಒಡವೆ ಮಾಡಿಸುತ್ತಿದ್ದುದು ಮದುವೆ ಕೂಡಿಬಂದಾಗ, ಕೈಯಲ್ಲಿ ಫಸಲಿನ ದುಡ್ಡಿದ್ದಾಗ. ಈಗ ಕಾಫಿ ಹಣ ಕರಗಿದ ಬೇಸಿಗೆಯಲ್ಲೂ ಗ್ರಾಂ ಲೆಕ್ಕದಲ್ಲಾದರೂ ಕೊಳ್ಳದಿದ್ದರೆ ಏನೋ ಕೊರತೆ ಎಂಬ ಅಳುಕು. ಮನೆಯ ಅಗತ್ಯ ನಿರ್ಧರಿಸುತ್ತಿದ್ದ ಖರೀದಿಯನ್ನು ಈಗ ಜಾಹೀರಾತಿನ ಕ್ಯಾಲೆಂಡರ್ ನಿರ್ಧರಿಸುತ್ತಿದೆ.

ಇನ್ನೊಂದು ಬಗೆಯ ಮಾಧ್ಯಮವೂ ಇದೇ ನೆಲದಲ್ಲಿದೆ. ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ ಪತ್ರಿಕೆಯಲ್ಲಿ ಮಳೆಯ ಪ್ರಮಾಣ, ಕಾಫಿ–ಕರಿಮೆಣಸಿನ ಧಾರಣೆ, ಸಾವಿನ ಸುದ್ದಿ ನೋಡದೆ ದಿನ ಶುರುವಾಗದ ಮನೆಗಳು ಎಷ್ಟೋ. ಮಡಿಕೇರಿ ಆಕಾಶವಾಣಿ ಕೊಡವ ಭಾಷೆಯಲ್ಲೂ ಮಾತಾಡುತ್ತದೆ. ಈ ಮಾಹಿತಿಯೂ ಕೊಳ್ಳುವ, ಮಾರುವ ತೀರ್ಮಾನಗಳನ್ನು ತಿದ್ದುತ್ತದೆ, ಆದರೆ ಊರಿನ ನಿಜಸ್ಥಿತಿಯನ್ನು ಮುಂದಿಟ್ಟು ತಿದ್ದುತ್ತದೆ. ಮಾಧ್ಯಮದ ಪ್ರಭಾವವೇ ಕೆಟ್ಟದ್ದೆಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ಕುಶಾಲನಗರದ ವರ್ತಕರು ಮನಸ್ಸು ಮಾಡಿದರೆ ಜೇನು ಯಾವ ಊರಿನದು, ಕಾಫಿಯಲ್ಲಿ ಚಿಕೋರಿ ಎಷ್ಟು, ಕಿತ್ತಳೆ ಯಾರ ತೋಟದ್ದು ಎಂದು ಬೋರ್ಡಿನ ಮೇಲೆಯೇ ಬರೆಯಬಹುದು. ಮಹಿಳಾ ಸಂಘಗಳ ಕಾಚಂಪುಳಿಗೆ ಮುಂದಿನ ಸಾಲು ಕೊಡಬಹುದು. ರೀಲ್ಸ್ ಮಾಡುವವರು ಬೆಳೆಗಾರರ ಮುಖ ತೋರಿಸಬಹುದು. ಕೊಳ್ಳುವವರು ಪೊಟ್ಟಣದ ಹಿಂಬದಿ ಓದಿ, ಉತ್ತರ ಸಿಗದಲ್ಲಿ ಹಣ ಬಿಚ್ಚದಿದ್ದರೆ ಸಾಕು, ಉಳಿದದ್ದನ್ನು ಮಾರುಕಟ್ಟೆ ತಾನೇ ಕಲಿಯುತ್ತದೆ. ಕೊಡಗಿನ ಹೆಸರಿನಲ್ಲಿ ಬರುವ ದುಡ್ಡು ಕೊಡಗಿನಲ್ಲಿ ಬೆಳೆದವರ ಕೈ ಸೇರಬೇಕು. ಅದಕ್ಕೆ ನೆರವಾಗುವ ಪ್ರಚಾರ ಮಾತ್ರ ಒಳ್ಳೆಯ ಪ್ರಚಾರ.