ಸುಂಕವಿಲ್ಲದ ಸುಂಕದಕಟ್ಟೆ

ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರ್ 24ರಂದು ಒಪ್ಪಿಕೊಂಡ ‘ವ್ಯಾಪಾರ ಮತ್ತು ಸಹಕಾರ ಒಪ್ಪಂದ’ ಸಾವಿರದ ಇನ್ನೂರಕ್ಕೂ ಹೆಚ್ಚು ಪುಟಗಳ ಗ್ರಂಥ. ಬ್ರಿಟಿಷ್ ಸಂಸತ್ತು ಡಿಸೆಂಬರ್ 30ರ ಒಂದೇ ದಿನದಲ್ಲಿ ಅದನ್ನು ಚರ್ಚಿಸಿ ಮುಗಿಸಿತು. ಮರುದಿನ ರಾತ್ರಿ ಹನ್ನೊಂದಕ್ಕೆ ಅದು ಜಾರಿಗೂ ಬಂತು. ಅವಸರದ ಗುರುತು ಪುಟಗಳಲ್ಲೇ ಉಳಿದಿದೆ. ಡಿಎನ್ಎ ಮಾಹಿತಿ ವಿನಿಮಯದ ಅನುಬಂಧವೊಂದರಲ್ಲಿ, ಎಂದೋ ಬಳಕೆ ತಪ್ಪಿಹೋದ ನೆಟ್‌ಸ್ಕೇಪ್ ಕಮ್ಯುನಿಕೇಟರ್‌ಗೆ ‘ಆಧುನಿಕ’ ಇಮೇಲ್ ತಂತ್ರಾಂಶಗಳ ಸಾಲಿನಲ್ಲಿ ಜಾಗ ಸಿಕ್ಕಿದೆ. ಹಳೆಯ ಕಡತದಿಂದ ನಕಲು ಮಾಡಿದವರು ಓದಿ ನೋಡಿರಲಿಲ್ಲ.

ನಗುವುದಕ್ಕೆ ಇಷ್ಟು ಸಾಕು. ಆದರೆ ಒಪ್ಪಂದದ ನಿಜವಾದ ದೋಷ ಇರುವುದು ಅದು ತನ್ನ ಹೆಗ್ಗಳಿಕೆಯೆಂದು ಸಾರಿಕೊಂಡ ಜಾಗದಲ್ಲಿ: ಸುಂಕ ಸೊನ್ನೆ, ಕೋಟಾ ಸೊನ್ನೆ. ವ್ಯಾಪಾರಕ್ಕೆ ಸುಂಕದ ತಡೆಯೂ ಇರದು, ಸುಂಕೇತರ ತಡೆಯೂ ಇರದು ಎಂದು ಪ್ರಧಾನಿ ಬೋರಿಸ್ ಜಾನ್ಸನ್ ಒಪ್ಪಂದವಾದ ದಿನವೇ ಘೋಷಿಸಿದರು. ಮೊದಲರ್ಧ ಬಹುಮಟ್ಟಿಗೆ ನಿಜವಾಯಿತು. ಎರಡನೆಯದು ಒಂದು ವಾರವೂ ಬಾಳಲಿಲ್ಲ.

1973ರಿಂದ ಸುಮಾರು ಐದು ದಶಕ ಬ್ರಿಟನ್ ಒಕ್ಕೂಟದ ಒಳಗಿತ್ತು. ಆ ಅವಧಿಯ ಕೊನೆಯ ಮೂರು ದಶಕಗಳಲ್ಲಿ, ಏಕ ಮಾರುಕಟ್ಟೆ ರೂಪುಗೊಂಡ ಮೇಲೆ, ಸ್ಕಾಟ್ಲೆಂಡಿನ ಏಡಿ, ಸಿಗಡಿ ರಾತ್ರಿ ಲಾರಿ ಹತ್ತಿದರೆ ಫ್ರಾನ್ಸಿನ ಮಾರುಕಟ್ಟೆಗೆ ತಾಜಾ ಆಗಿಯೇ ಮುಟ್ಟುತ್ತಿದ್ದವು. 2021ರ ಜನವರಿಯಲ್ಲಿ ಅದೇ ಲಾರಿಗೆ ಕಸ್ಟಮ್ಸ್ ಘೋಷಣೆ, ಸರಕಿನ ಮೂಲದ ಹೇಳಿಕೆ, ಆರೋಗ್ಯ ಪ್ರಮಾಣಪತ್ರ ಎಲ್ಲವೂ ಬೇಕಾದವು. ಒಂದೇ ಲಾರಿಯಲ್ಲಿ ಹತ್ತಾರು ಸಣ್ಣ ವ್ಯಾಪಾರಿಗಳ ಪೆಟ್ಟಿಗೆಗಳಿದ್ದರೆ, ಒಬ್ಬನ ಕಾಗದದ ತಪ್ಪಿಗೆ ಎಲ್ಲರ ಸರಕೂ ನಿಂತಿತು. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ ಎನ್ನುವುದು ನಮ್ಮ ಗಾದೆ. ಇಲ್ಲಿ ಸುಂಕವೇ ಇರಲಿಲ್ಲ, ಕಟ್ಟೆ ಮಾತ್ರ ಇತ್ತು. ಅದೇ ತಿಂಗಳು ಮೀನು ರಫ್ತುದಾರರು ತಮ್ಮ ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೇ ತಂದು ನಿಲ್ಲಿಸಿ ಪ್ರತಿಭಟಿಸಿದರು.

ಪೂರೈಕೆ ಸರಪಳಿ ಎನ್ನುವುದು ಗಡಿ ಇಲ್ಲವೆಂಬ ನಂಬಿಕೆಯ ಮೇಲೆ ಬೆಳೆದದ್ದು. ಮಿನಿ ಕಾರಿನ ಕ್ರ್ಯಾಂಕ್‌ಶಾಫ್ಟಿನ ಪ್ರಯಾಣವನ್ನೇ ನೋಡಿ. ಒಕ್ಕೂಟದಿಂದ ಹೊರಬರುವ ‘ಬ್ರೆಕ್ಸಿಟ್’ ಕುರಿತ 2016ರ ಜನಮತಗಣನೆಯ ಮರುವರ್ಷ ಇದು ಬಹಳ ಚರ್ಚೆಯಾದ ಉದಾಹರಣೆ. ಫ್ರಾನ್ಸಿನಲ್ಲಿ ಎರಕ, ಇಂಗ್ಲೆಂಡಿನ ಹ್ಯಾಮ್ಸ್ ಹಾಲ್‌ನಲ್ಲಿ ಕೊರೆತ, ಎಂಜಿನ್ನಿಗೆ ಸೇರಿಸಲು ಜರ್ಮನಿಯ ಮ್ಯೂನಿಕ್, ಕಾರಿಗೆ ಕೂಡಿಸಲು ಮತ್ತೆ ಇಂಗ್ಲೆಂಡಿನ ಆಕ್ಸ್‌ಫರ್ಡ್. ಒಂದು ಬಿಡಿಭಾಗ ಮೂರು ಸಲ ಕಡಲ್ಗಾಲುವೆ ದಾಟುತ್ತಿತ್ತು. ಗೋದಾಮಿನಲ್ಲಿ ದಾಸ್ತಾನು ಇಡದೆ, ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಿಕೊಳ್ಳುವ ಕಾರ್ಖಾನೆಗೆ ಗಡಿಯಲ್ಲಿ ಕಳೆದ ಪ್ರತಿ ಗಂಟೆಯೂ ಖರ್ಚು. ಸಿಹಿತಿಂಡಿಗೂ ಇದೇ ಗತಿ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿಯ ಜನಪ್ರಿಯ ‘ಪರ್ಸಿ ಪಿಗ್’ ತಯಾರಾಗುವುದು ಜರ್ಮನಿಯಲ್ಲಿ. ಅದು ಬ್ರಿಟನ್ನಿಗೆ ಬಂದು, ಅಲ್ಲಿಂದ ಐರ್ಲೆಂಡಿನ ಅಂಗಡಿಗೆ ಹೋದರೆ ಸುಂಕ ಬೀಳುತ್ತದೆ. ಏಕೆಂದರೆ ಸೊನ್ನೆ ಸುಂಕದ ಸವಲತ್ತು ಬ್ರಿಟನ್ನಿನಲ್ಲಿ ‘ಹುಟ್ಟಿದ’ ಸರಕಿಗೆ ಮಾತ್ರ. ಬ್ರಿಟಿಷ್ ಗೋದಾಮಿನಲ್ಲಿ ಸುಮ್ಮನೆ ತಂಗಿದ ಜರ್ಮನ್ ಮಿಠಾಯಿ ಎರಡೂ ಕಡೆಯ ಹಕ್ಕನ್ನು ಕಳೆದುಕೊಳ್ಳುತ್ತದೆ. ಶೀರ್ಷಿಕೆಯಲ್ಲಿ ಸೊನ್ನೆ ಎಂದದ್ದು ಅನುಬಂಧದಲ್ಲಿ ಸೊನ್ನೆಯಾಗಿ ಉಳಿಯಲಿಲ್ಲ.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬಿದ್ದಿದ್ದರೆ ಮಾತು ಬೇರೆ. ಒಂದು ಪ್ರಮಾಣಪತ್ರದ ಖರ್ಚು ಹತ್ತು ಪೆಟ್ಟಿಗೆ ಕಳಿಸುವವನಿಗೂ ಹತ್ತು ಸಾವಿರ ಪೆಟ್ಟಿಗೆ ಕಳಿಸುವವನಿಗೂ ಹೆಚ್ಚುಕಡಿಮೆ ಒಂದೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಪ್ಪಂದದ ನಂತರ ಸುಮಾರು 16,400 ಸಂಸ್ಥೆಗಳು, ಅಂದರೆ ಒಕ್ಕೂಟಕ್ಕೆ ರಫ್ತು ಮಾಡುತ್ತಿದ್ದವುಗಳಲ್ಲಿ ಶೇ 14ರಷ್ಟು, ಅಲ್ಲಿಗೆ ಮಾರುವುದನ್ನೇ ನಿಲ್ಲಿಸಿದ್ದವು. ದೊಡ್ಡ ಕಂಪನಿಗಳ ರಫ್ತು ಅಲುಗಲಿಲ್ಲ. ಅವುಗಳಿಗೆ ವಕೀಲರಿದ್ದಾರೆ, ಕಸ್ಟಮ್ಸ್ ವಿಭಾಗವಿದೆ, ಬೇಕೆಂದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಗೋದಾಮು ತೆರೆಯುವ ಹಣವಿದೆ. ಸಣ್ಣ ಚೀಸ್ ತಯಾರಕನಿಗೆ ಇದಾವುದೂ ಇಲ್ಲ. ದೊಡ್ಡವರ ಒಕ್ಕೂಟದಿಂದ ಜನಸಾಮಾನ್ಯರ ಬಿಡುಗಡೆ ಎಂದು ಮಾರಾಟವಾದ ಯೋಜನೆ ದೊಡ್ಡವರನ್ನು ಬಿಟ್ಟು ಸಣ್ಣವರನ್ನು ಹಿಡಿಯಿತು.

ನಿಯಮ ಬರೆಯುವ ಸ್ವಾತಂತ್ರ್ಯ ಬಂತಲ್ಲ ಎನ್ನಬಹುದು. ಬ್ರಿಟನ್ ಯುರೋಪಿನ ‘ಸಿಇ’ ಗುಣಮಟ್ಟದ ಗುರುತಿಗೆ ಬದಲಾಗಿ ತನ್ನದೇ ‘ಯುಕೆಸಿಎ’ ಗುರುತನ್ನು ತಂದಿತು. ಯುರೋಪಿಗೆ ಮಾರುವವರಿಗೆ ಸಿಇ ಹೇಗೂ ಬೇಕು. ಹೊಸ ಗುರುತು ಎರಡನೆಯ ಪರೀಕ್ಷೆ, ಎರಡನೆಯ ಖರ್ಚು ಆಯಿತು, ಅಷ್ಟೆ. ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2023ರ ಆಗಸ್ಟಿನಲ್ಲಿ ಬಹುತೇಕ ಸರಕುಗಳಿಗೆ ಸಿಇ ಗುರುತೇ ಅನಿರ್ದಿಷ್ಟ ಕಾಲ ನಡೆಯುತ್ತದೆ ಎಂದು ಸರ್ಕಾರ ಒಪ್ಪಿಕೊಂಡಿತು. ಆಮದಿನ ತಪಾಸಣೆಯಲ್ಲೂ ಇದೇ ಕತೆ. ಒಕ್ಕೂಟ ಮೊದಲ ದಿನದಿಂದಲೇ ಬ್ರಿಟಿಷ್ ಆಹಾರವನ್ನು ತಪಾಸಿಸಿತು. ಬ್ರಿಟನ್ ಯುರೋಪಿನ ಮಾಂಸ, ಚೀಸನ್ನು ನಿಯತವಾಗಿ ತಪಾಸಿಸಲು ಆರಂಭಿಸಿದ್ದು 2024ರ ಏಪ್ರಿಲ್ ಕೊನೆಯಲ್ಲಿ. ಮೂರು ವರ್ಷ ಅವರ ಸರಕು ಒಳಗೆ ಸಲೀಸು, ಇವರದು ಹೊರಗೆ ದುಸ್ತರ. ಗಡಿಯ ನಿಯಂತ್ರಣ ಮರಳಿ ಪಡೆಯುತ್ತೇವೆ ಎಂದವರ ಕೈಗೆ ಬಂದದ್ದು ಈ ವಿಚಿತ್ರ ಅಸಮತೆ.

ದುಡಿಮೆಯ ವಿಷಯದಲ್ಲಿ ವಾದ ಇನ್ನಷ್ಟು ಗಂಭೀರವಾದದ್ದು, ಹಾಗಾಗಿ ಅದಕ್ಕೆ ಗಂಭೀರ ಉತ್ತರವೂ ಸಲ್ಲಬೇಕು. ಪೂರ್ವ ಯುರೋಪಿನ ಅಗ್ಗದ ದುಡಿಮೆ ನಿಂತರೆ ಸ್ಥಳೀಯರ ಕೂಲಿ ಏರುತ್ತದೆ ಎನ್ನುವುದು ಬ್ರೆಕ್ಸಿಟ್ ಬೆಂಬಲಿಗರ ಲೆಕ್ಕ. ಕೆಲವೆಡೆ ಅದು ಹುಸಿಯಾಗಲಿಲ್ಲ. 2021ರಲ್ಲಿ ಲಾರಿ ಚಾಲಕರ ಕೊರತೆ ತೀವ್ರವಾದಾಗ ಅವರ ವೇತನ ನಿಜಕ್ಕೂ ಏರಿತು. ಕೊರತೆಗೆ ಬ್ರೆಕ್ಸಿಟ್ ಒಂದೇ ಕಾರಣವೂ ಅಲ್ಲ; ಕೋವಿಡ್‌ನಿಂದ ರದ್ದಾದ ಚಾಲನಾ ಪರೀಕ್ಷೆಗಳು, ವಯಸ್ಸಾದ ಚಾಲಕರ ನಿವೃತ್ತಿ ಎಲ್ಲವೂ ಸೇರಿದ್ದವು. ಆದರೆ ಹಿಂದೆ ಇಂಥ ಕೊರತೆಯನ್ನು ಪೋಲೆಂಡ್, ರುಮೇನಿಯಾದ ಚಾಲಕರು ತಮ್ಮಷ್ಟಕ್ಕೆ ಬಂದು ತುಂಬುತ್ತಿದ್ದರು. ಆ ಬಾಗಿಲು ಮುಚ್ಚಿದ್ದರಿಂದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದು, ಟ್ಯಾಂಕರ್ ಓಡಿಸಲು ಸೈನಿಕರನ್ನು ಕರೆಯಬೇಕಾಯಿತು. ಸರ್ಕಾರ 5,000 ಚಾಲಕರಿಗೆ ತಾತ್ಕಾಲಿಕ ವೀಸಾ ಪ್ರಕಟಿಸಿತು, ಅದೂ ಮೊದಲಿಗೆ ಕ್ರಿಸ್‌ಮಸ್‌ವರೆಗೆ ಮಾತ್ರ. ಮೂರು ತಿಂಗಳ ಕೆಲಸಕ್ಕಾಗಿ ಇದ್ದ ಕೆಲಸ ಬಿಟ್ಟು ಬಂದವರು ತೀರಾ ಕಡಿಮೆ. ಕಸಾಯಿಗಳಿಲ್ಲದೆ ಹಂದಿ ಸಾಕಣೆದಾರರು ಆರೋಗ್ಯವಾಗಿದ್ದ ಪ್ರಾಣಿಗಳನ್ನು ಕೊಂದು ಎಸೆಯಬೇಕಾಯಿತು.

ಮುಂದೆ ಆದದ್ದು ದೂರದ ವಲಸೆ. ಹಣ್ಣು ಕೀಳುವವರು ಕಿರ್ಗಿಸ್ತಾನ, ತಜಕಿಸ್ತಾನ, ನೇಪಾಳದಿಂದ ಬಂದರು. 2022ರ ಫೆಬ್ರುವರಿಯಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ವೀಸಾ ತೆರೆದಾಗ ಭಾರತ, ನೈಜೀರಿಯಾ, ಜಿಂಬಾಬ್ವೆಯ ಜನ ಸಾಲುಗಟ್ಟಿದರು. ಒಟ್ಟು ವಲಸೆ ಹಿಂದೆಂದಿಗಿಂತ ಏರಿತು. ಬದಲಾದದ್ದು ದುಡಿಯುವವನ ಬಲ. ರುಮೇನಿಯಾದವನಿಗೆ ಮಾಲೀಕ ಸರಿಬಾರದಿದ್ದರೆ ಮರುದಿನವೇ ಬೇರೆ ಕಡೆ ಸೇರುವ ಹಕ್ಕಿತ್ತು. ಈಗಿನ ಆರೈಕೆ ಕೆಲಸಗಾರ್ತಿಯ ವೀಸಾ ಮಾಲೀಕನ ಪ್ರಾಯೋಜನೆಗೆ ಕಟ್ಟುಬಿದ್ದದ್ದು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದಲ್ಲಿ ಇನ್ನೊಬ್ಬ ಪ್ರಾಯೋಜಕ ಸಿಗಬೇಕು. ಏಜೆಂಟನಿಗೆ ಸಾಲ ಮಾಡಿ ಹಣ ಕಟ್ಟಿ ಬಂದವಳು ಬಾಯಿ ಬಿಡುವುದಾದರೂ ಹೇಗೆ? 2022ರ ಜುಲೈಯಿಂದ 2024ರ ಕೊನೆಯವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಸಂಸ್ಥೆಗಳ ಪ್ರಾಯೋಜನಾ ಪರವಾನಗಿಯನ್ನು ಸರ್ಕಾರವೇ ರದ್ದು ಮಾಡಬೇಕಾಯಿತು. ಸ್ಥಳೀಯ ಕಾರ್ಮಿಕನ ಕೈ ಬಲಪಡಿಸುವ ಹೆಸರಿನಲ್ಲಿ ಕೈಕಟ್ಟಿದ ಕಾರ್ಮಿಕರ ಹೊಸ ವರ್ಗವೊಂದು ಹುಟ್ಟಿತು. ಇದು ಈ ಪ್ರಯೋಗದ ಅತಿ ದೊಡ್ಡ ಸೋಲು ಎಂದು ನನ್ನ ಎಣಿಕೆ.

ಬ್ರೆಕ್ಸಿಟ್ ವಿರೋಧಿಗಳ ಲೆಕ್ಕವೂ ತಪ್ಪಿತ್ತು. ಹೊರಬರಲು ಮತ ಹಾಕಿದರೆ ಕೂಡಲೇ ಆರ್ಥಿಕ ಹಿಂಜರಿತ ಎಂದು ಬ್ರಿಟಿಷ್ ಖಜಾನೆ 2016ರಲ್ಲಿ ಹೆದರಿಸಿತ್ತು, ಅದು ಬರಲಿಲ್ಲ. ಸೇವೆಗಳ ರಫ್ತು ಚೆನ್ನಾಗಿಯೇ ಬೆಳೆಯಿತು. ಪೆಟ್ಟು ಬಿದ್ದದ್ದು ಸದ್ದಿಲ್ಲದೆ, ನಿಧಾನವಾಗಿ. ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ, ಒಳಗೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ಇದಕ್ಕೆ ಪರಿಹಾರವೆಂದು ತೋರಿಸಲಾಗುವ ಸ್ವತಂತ್ರ ಒಪ್ಪಂದಗಳಲ್ಲಿ ಮುಖ್ಯವಾದುದು 2025ರ ಜುಲೈ 24ರಂದು ಭಾರತದೊಂದಿಗೆ ಸಹಿಯಾದದ್ದು. ಅದರಿಂದ ಬ್ರಿಟನ್ನಿನ ಜಿಡಿಪಿಗೆ ಕಾಲಾಂತರದಲ್ಲಿ ಸಿಗುವುದು ವರ್ಷಕ್ಕೆ 480 ಕೋಟಿ ಪೌಂಡ್, ಅಂದರೆ ಸುಮಾರು ಶೇ 0.1 ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಪಕ್ಕದ ಮಾರುಕಟ್ಟೆಯ ನಷ್ಟವನ್ನು ದೂರದ ಮಾರುಕಟ್ಟೆ ತುಂಬಲಾರದು.

ಭಾರತ 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸೇರದೆ ಹಿಂದೆ ಸರಿದದ್ದನ್ನು ಬ್ರೆಕ್ಸಿಟ್‌ಗೆ ಹೋಲಿಸುವವರಿದ್ದಾರೆ. ನ್ಯೂಜಿಲೆಂಡ್ ಹಾಲಿನ ಭಯದಿಂದ ಕರ್ನಾಟಕದ ಹೈನುಗಾರರೂ ಆಗ ಅದನ್ನು ವಿರೋಧಿಸಿದ್ದರು. ಹೋಲಿಕೆ ಕೂಡದು. ಸೇರದೇ ಇದ್ದರೆ ತಪ್ಪುವುದು ಬರಬಹುದಾಗಿದ್ದ ಲಾಭ. ಸೇರಿ ಬಾಳಿ ಹೊರಬಂದರೆ ಮುರಿಯುವುದು ಆಗಲೇ ಕಟ್ಟಿದ ಕಾರ್ಖಾನೆ, ಕಲಿತ ಕಸುಬು, ಕುದುರಿದ ನಂಟು.

ನಮ್ಮ ರಫ್ತುದಾರರಿಗೆ ಬ್ರಿಟನ್ನಿನ ಈ ಅನುಭವದಲ್ಲಿ ನೇರ ಪಾಠವಿದೆ. ಹೊಸ ಭಾರತ-ಬ್ರಿಟನ್ ಒಪ್ಪಂದದಡಿ ಭಾರತದ ಸರಕುಗಳ ಶೇ 99ರಷ್ಟು ಬಾಬುಗಳಿಗೆ ಬ್ರಿಟನ್ನಿನಲ್ಲಿ ಸುಂಕವಿಲ್ಲ ಎಂಬ ಸಾಲನ್ನು ನಾವು ಸಂಭ್ರಮದಿಂದ ಓದಿದ್ದೇವೆ. ಆ ಸೊನ್ನೆಯನ್ನು ಸಣ್ಣ ಘಟಕವೊಂದು ವಕೀಲರ ನೆರವಿಲ್ಲದೆ ಪಡೆಯಬಲ್ಲದೇ ಎಂಬುದು ಸರಕು ಎಲ್ಲಿ ‘ಹುಟ್ಟಿತು’ ಎಂದು ನಿರ್ಧರಿಸುವ ನಿಯಮಗಳ ಅಧ್ಯಾಯದಲ್ಲಿ ತೀರ್ಮಾನವಾಗುತ್ತದೆ. ವ್ಯಾಪಾರ ಒಪ್ಪಂದವನ್ನು ಅಳೆಯಬೇಕಾದುದು ಅದು ಎಷ್ಟು ಸುಂಕ ಕಳೆಯಿತು ಎಂಬುದರಿಂದಲ್ಲ, ಅತಿ ಚಿಕ್ಕ ಮಾರಾಟಗಾರನಿಗೆ ಎಷ್ಟು ಕಾಗದ ಹೊರಿಸಿತು ಎಂಬುದರಿಂದ. ಆ ಅಳತೆಯಲ್ಲಿ 2020ರ ಒಪ್ಪಂದ ಒಂದು ವಿಫಲ ಕೃತಿ.